ಬೋರ್ಡಿನ ಮೇಲೆ ಬೈಪಾಸು

ಭೂಗೋಳದ ಮೇಷ್ಟ್ರು ಬೆಳಿಗ್ಗೆ ಮೊದಲ ಪಿರಿಯಡ್ಡಿನಲ್ಲಿ ಬೋರ್ಡಿನ ಮೇಲೆ ಊರಿನ ನಕ್ಷೆ ಬರೆದು, ಅದರ ಮೇಲೆ ಕೆಂಪು, ಹಸಿರು, ನೀಲಿ ಸೀಮೆಸುಣ್ಣದಲ್ಲಿ ಮೂರು ಗೆರೆ ಎಳೆದರು. ಅವರು ಮಾಡಿದ ತಪ್ಪು ಅಷ್ಟೇ.

ಊರಿಗೆ ಬೈಪಾಸ್ ರಸ್ತೆಯ ಪ್ರಸ್ತಾಪವಿದೆಯೆಂದು ಪತ್ರಿಕೆಯ ಮೂಲೆಯಲ್ಲೊಂದು ಸುದ್ದಿ ಬಂದಿತ್ತು. ನಿರ್ಧಾರ ತೆಗೆದುಕೊಳ್ಳುವ ಬಗೆ ಎಂಬ ಪಾಠಕ್ಕೆ ಒಂಬತ್ತನೇ ತರಗತಿ ಇಡಿಯಾಗಿ ಆಕಳಿಸುತ್ತಿದ್ದುದರಿಂದ ಮೇಷ್ಟ್ರು ಅದನ್ನೇ ಹಿಡಿದುಕೊಂಡರು. "ರಸ್ತೆ ಯಾವ ಗೆರೆ ಮೇಲೆ ಹೋಗ್ಬೇಕು, ನೀವೇ ತೀರ್ಮಾನ ಮಾಡಿ. ಮನೇಲೂ ಕೇಳ್ಕೊಂಡು ಬನ್ನಿ."

ಮಧ್ಯಾಹ್ನ ಊಟಕ್ಕೆ ಹೋದ ಮಕ್ಕಳು ಮರಳುವಾಗ ಅವರ ಹಿಂದೆ ಊರೇ ಬಂತು.

ಮೊದಲು ನುಗ್ಗಿದವನು ಬೇಕರಿಯವನು. ಮೊಣಕೈವರೆಗೂ ಹಿಟ್ಟು. "ಮೇಷ್ಟ್ರೇ, ಕೆಂಪು ಗೆರೆ ನನ್ನ ಒಲೆ ಮೇಲೇ ಹೋಗತ್ತಂತೆ?"

"ಅದು ಬರೀ ಪಾಠ ಕಣಯ್ಯಾ."

"ನನಗೆ ಪಾಠ ಕಲಿಸೋಕೆ ಹೊರಟಿದ್ದೀರಿ ಅಂತ ಗೊತ್ತಾಯ್ತು ಬಿಡಿ."

ಮೇಷ್ಟ್ರು ಗೆರೆ ಒರೆಸಿ ಎರಡು ಬೆರಳು ಪಕ್ಕಕ್ಕೆ ಸರಿಸಿದರು. ಅದು ಸೀದಾ ಗಣಿತದ ಮೇಡಂ ಕಟ್ಟಿಸುತ್ತಿದ್ದ ಮನೆಯ ಅಡುಗೆಕೋಣೆಗೆ ಹೊಕ್ಕಿತು. "ಏಳು ವರ್ಷ ಸ್ಟಾಫ್‌ರೂಮಲ್ಲಿ ಪಕ್ಕದ ಕುರ್ಚೀಲಿ ಕೂತಿದ್ದೀನಿ. ಒಂದು ಮಾತು ಹೇಳ್ಬಾರ್ದಿತ್ತಾ ಸಾರ್?" ಎಂದು ಆಕೆ ಸೆರಗಿನಲ್ಲಿ ಮೂಗೊರೆಸಿಕೊಂಡರು. ಗೆರೆ ಮತ್ತೆ ಸರಿಯಿತು. ಪಂಕ್ಚರ್ ಅಂಗಡಿಯವನೊಬ್ಬ ಮಾತ್ರ, "ಬೇಡ ಅಂದವರ ಗೆರೇನೆಲ್ಲ ನನ್ನ ಅಂಗಡಿ ಕಡೆ ತಿರುಗಿಸಿ. ನಾಲ್ಕು ಗುಂಡಿ ಇದ್ರೆ ಇನ್ನೂ ಒಳ್ಳೇದು," ಎಂದ.

ಗದ್ದಲ ತಾಳಲಾರದೆ ಮೇಷ್ಟ್ರು, "ಹೇಳೋದನ್ನೆಲ್ಲ ಬರೆದು ಕೊಡಿ," ಎಂದು ಪರೀಕ್ಷೆಯ ಖಾಲಿ ಉತ್ತರಪತ್ರಿಕೆಗಳನ್ನು ಹಂಚಿಬಿಟ್ಟರು. ನಾಲ್ಕು ಗಂಟೆಗೆ ಮೇಜಿನ ಮೇಲೆ ತೊಂಬತ್ತಮೂರು ಹಾಳೆ ಬಿದ್ದಿದ್ದವು. ಬೋರ್ಡಿನ ನಕ್ಷೆ ಬೆಕ್ಕು ಆಡಿಬಿಟ್ಟ ನೂಲಿನ ಉಂಡೆಯಂತಾಗಿತ್ತು.

ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು: "ಇವರನ್ನ ಕಳಿಸಿ. ಇಲ್ಲಾಂದ್ರೆ ನೀವೂ ಇವರ ಜೊತೆ ಹೊರಡಿ."

ಮೇಷ್ಟ್ರು ಬೆಂಚು ಹತ್ತಿದರು. "ನೋಡಿ, ರಸ್ತೆ ನನ್ನ ಕೈಲಿಲ್ಲ. ಜನರ ಅಹವಾಲು ಕೇಳೋಕೆ ಇಲಾಖೆಯವರು ಒಬ್ಬ ಅಧಿಕಾರೀನ ನೇಮಿಸ್ತಾರೆ. ಅವನ ಮನೆ ಬಾಗಿಲಲ್ಲೇ ಹೋಗಿ ಕೂತ್ಕೊಳ್ಳಿ. ಉತ್ತರ ಕೊಡೋ ತನಕ ಊಟಕ್ಕೂ ಏಳೋಕೆ ಬಿಡಬೇಡಿ."

ಮಾತು ಎಲ್ಲರಿಗೂ ಹಿಡಿಸಿತು. ಚಪ್ಪಾಳೆ ಬಿತ್ತು. ಮೇಷ್ಟ್ರು ಬೆಂಚಿನಿಂದ ಇಳಿದು ಉಸಿರು ಬಿಡುವಷ್ಟರಲ್ಲಿ ರಸ್ತೆ ಇಲಾಖೆಯ ಇಂಜಿನಿಯರ್ ಗುಂಪನ್ನು ಸರಿಸಿಕೊಂಡು ಒಳಗೆ ಬಂದು, ಹಾಳೆಗಳ ರಾಶಿಯನ್ನು ಕಣ್ತುಂಬ ನೋಡಿದರು.

"ನೋಟಿಸು ಅಂಟಿಸಿ ಮೂರು ತಿಂಗಳಾಯ್ತು ಸಾರ್, ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ನೀವು ಅರ್ಧ ದಿನದಲ್ಲಿ ಇಷ್ಟು ಜನರಿಂದ ಬರೆಸಿದ್ದೀರಂತೆ. ಸುದ್ದಿ ಕೇಳಿ ನಮ್ಮ ಸಾಹೇಬ್ರು ಕೂಡಲೇ ಸಹಿ ಹಾಕಿ ಕಳಿಸಿದ್ರು." ಅವರು ಒಂದು ಆದೇಶಪತ್ರ ಮುಂದೆ ಹಿಡಿದರು.

ಶಾಲೆಯ ಕೆಲಸದ ಜೊತೆಗೇ ಬೈಪಾಸಿನ ಅಹವಾಲು ಕೇಳುವ ಅಧಿಕಾರಿಯಾಗಿ ಭೂಗೋಳದ ಮೇಷ್ಟ್ರನ್ನು ನೇಮಿಸಲಾಗಿತ್ತು.

ಮೇಷ್ಟ್ರ ಭುಜದ ಮೇಲಿಂದ ಇಣುಕಿ ಬೇಕರಿಯವನೂ ಅದನ್ನು ಓದಿಕೊಂಡ.

"ಸಾರ್," ಎಂದ ಬಹಳ ಮರ್ಯಾದೆಯಿಂದ, "ನಿಮ್ಮ ಮನೆ ಬಾಗಿಲು ಪೂರ್ವಕ್ಕಿದೆಯೋ ಪಶ್ಚಿಮಕ್ಕೋ? ಬಿಸಿಲು ನೋಡ್ಕೊಂಡು ಚಾಪೆ ತರ್ತೀವಿ."