ಮೈನಸ್ ಎರಡು

ಸುನೀಲಕುಮಾರನಿಗೆ ಹೆಂಡತಿ ಇರಲಿಲ್ಲ. ಕ್ಯಾಮೆರಾ ಇತ್ತು, ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಲಾಡ್ಜೊಂದರ ಕೆಳಗೆ ಬಾಗಿಲಷ್ಟೇ ಅಗಲದ ಸ್ಟುಡಿಯೋ ಇತ್ತು, ಮೂವತ್ತೊಂದು ವಯಸ್ಸೂ ಇತ್ತು.

ಎಂಟು ತಿಂಗಳ ಹಿಂದೆ ಕಮಲಾಪುರದ ಸೃಷ್ಟಿ ಪಾಸ್‌ಪೋರ್ಟ್ ಸೈಜ್ ಫೋಟೋಕ್ಕೆಂದು ಆ ಸ್ಟುಡಿಯೋಕ್ಕೆ ಬಂದು, "ನಗಬೇಕೇನ್ರಿ, ಬ್ಯಾಡೇನ್ರಿ?" ಎಂದು ಕೇಳಿದ್ದಳು. ಅಷ್ಟೇ. ಮದುವೆಯಾದರೆ ಇವಳನ್ನೇ ಎಂದು ಅವನು ಆಗಲೇ ನಿರ್ಧರಿಸಿಬಿಟ್ಟ. ಇಬ್ಬರದೂ ಒಂದೇ ಜಾತಿ. ಅವಳ ಅಪ್ಪ ಅಣವೀರಪ್ಪನವರಿಗೆ ಒಂದು ಮಾತು ಹೇಳಿ ಕಳಿಸಿದ್ದರೆ ಸಾಕಿತ್ತು. ಆ ಒಂದು ಮಾತಿಗೆ ಇಷ್ಟು ದಿನವೂ ಧೈರ್ಯ ಬಂದಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಣವೀರಪ್ಪನವರೇ ಫೋನ್ ಮಾಡಿದರು.

"ತಮ್ಮಾ, ಕ್ಯಾಮೆರಾ ತೊಗೊಂಡು ಈಗಿಂದೀಗ ಬಾ. ಶರಣಸಿರಸಗಿ ಊರಿನವರು ಹುಡುಗಿ ಫೋಟೋ ಕೇಳ್ಯಾರ. ಹುಡುಗ ನೌಕರಿ ಮ್ಯಾಲ ಇದ್ದಾನ. ಇವತ್ತೇ ಕಳಸಬೇಕು."

ಬಸ್ಸಿನಲ್ಲಿ ಒಂದು ತಾಸು ಅವನ ತಲೆಯಲ್ಲಿ ಒಂದೇ ಯೋಚನೆ ಸುತ್ತುತ್ತಿತ್ತು. ಫೋಟೋ ಕೆಟ್ಟರೆ ಸಂಬಂಧ ಕೆಡುತ್ತದೆ. ಸಂಬಂಧ ಕೆಟ್ಟರೆ ತನಗೆ ದಾರಿ ಉಳಿಯುತ್ತದೆ.

ಕೆಡಿಸುವ ಯಂತ್ರ ಕೊರಳಲ್ಲೇ ನೇತಾಡುತ್ತಿತ್ತು. ಕ್ಯಾಮೆರಾದ ನೆತ್ತಿಯ ಮೇಲೆ ಪ್ಲಸ್, ಮೈನಸ್ ಎಂದು ಅಂಕಿ ಕೊರೆದ ಸಣ್ಣದೊಂದು ಗಾಲಿ. ಪ್ಲಸ್ ಕಡೆಗೆ ತಿರುವಿದರೆ ಚಿತ್ರ ಬೆಳ್ಳಗಾಗುತ್ತದೆ, ಮೈನಸ್ ಕಡೆಗೆ ತಿರುವಿದರೆ ಕಪ್ಪಾಗುತ್ತದೆ. ಬಿಳಿ ಗೋಡೆ ಕಂಡರೆ ಕ್ಯಾಮೆರಾ ಹಗಲಿಗೆ ಸಿಕ್ಕ ಗೂಬೆಯಂತೆ ಕಣ್ಣು ಕಿರಿದು ಮಾಡಿಕೊಳ್ಳುತ್ತದೆ. ಆಗ ಒಂದು ಪ್ಲಸ್ ಕೊಟ್ಟು ಸರಿಮಾಡಬೇಕು. ಮದುವೆ ಹುಡುಗಿಯರಿಗೆ ಸುನೀಲಕುಮಾರ ಎರಡು ಪ್ಲಸ್ ಕೊಡುತ್ತಿದ್ದ. ಹುಡುಗಿಯ ಮೂಗು ಮಾಯವಾದರೂ ಅವಳ ತಾಯಿ ಖುಷಿಯಿಂದ ಹೋಗುತ್ತಿದ್ದಳು.

ಅಣವೀರಪ್ಪನವರ ಮನೆಗೆ ಹೊಸದಾಗಿ ಸುಣ್ಣ ಹೊಡೆದಿದ್ದರು. ಸೃಷ್ಟಿಯ ಸೋದರತ್ತೆ ನಾಗರತ್ನಾ ಪೌಡರ್ ಡಬ್ಬಿ ಹಿಡಿದು ಕಾಯುತ್ತಿದ್ದಳು. ಪಕ್ಕದ ಮನೆಯ ಗುಂಡಮ್ಮ ಯಾರೂ ಕರೆಯದಿದ್ದರೂ ಬಂದಿದ್ದಳು, ಬರುವಾಗ ರೊಟ್ಟಿ ಹಿಟ್ಟು ನಾದುವ ಸ್ಟೀಲ್ ಪರಾತವನ್ನೂ ತಂದಿದ್ದಳು.

"ಇದರಾಗ ಬಿಸಲು ಹಿಡದು ಮಾರಿ ಮ್ಯಾಲ ಬಿಡ್ತೀನಿ," ಎಂದಳು ಗುಂಡಮ್ಮ. "ನನ್ನ ಮಗಳಿಗಿ ಹಿಂಗೇ ಮಾಡಿದ್ದೆ. ಹದಿನೈದು ದಿನದಾಗ ಲಗ್ನ ಆತು."

ಪರಾತದ ಬೆಳಕು ಬಿದ್ದದ್ದೇ ಸೃಷ್ಟಿ ಕಣ್ಣು ಮುಚ್ಚಿಕೊಂಡಳು.

"ಕಣ್ಣ ತಗೀ ಬೇ!" ಎಂದಳು ನಾಗರತ್ನಾ.

"ಹೆಂಗ ತಗೀಲಿ ಅತ್ತಿ? ಕುರುಡಿ ಆಗಿ ಗಂಡನ ಮನಿಗಿ ಹೋಗಲೇನ?"

"ಫೋಟೋದಾಗ ಬೆಳ್ಳಗ ಬಂದ್ರ ಸಾಕು. ತಮ್ಮಾ ಸುನೀಲಾ, ಹಾಲಿನ ಗತೆ ಬರಬೇಕು ನೋಡು."

"ಬರ್ತದ್ರಿ ಅಕ್ಕಾ," ಎಂದು ಸುನೀಲಕುಮಾರ ಗಾಲಿಯನ್ನು ಮೈನಸ್ ಎರಡಕ್ಕೆ ತಿರುಗಿಸಿದ. ಕ್ಯಾಮೆರಾದ ಬೆನ್ನಿನ ಪರದೆಯ ಬೆಳಕನ್ನು ಮಾತ್ರ ಪೂರ್ತಿ ಏರಿಸಿದ. ಪರದೆಯಲ್ಲಿ ನೋಡಿದವರಿಗೆ ಹುಡುಗಿ ಹೊಳೆಯುತ್ತಿದ್ದಳು. ನಾಗರತ್ನಾ, ಗುಂಡಮ್ಮ ಇಬ್ಬರೂ ಇಣುಕಿ ನೋಡಿ, ಛಲೋ ಬಂದದ ಎಂದು ಒಪ್ಪಿದರು. ಚಿತ್ರ ಅಣವೀರಪ್ಪನವರ ಮೊಬೈಲಿಗೆ ಹೋಯಿತು. ಕನ್ನಡಕ ಹುಡುಕುವ ಗೋಜಿಗೆ ಹೋಗದೆ ಅವರು ಅದನ್ನು ನೇರವಾಗಿ ಹುಡುಗನ ತಾಯಿ ಲಲಿತಾಬಾಯಿಗೆ ದಾಟಿಸಿದರು.

ಆಮೇಲೆ ನಾಗರತ್ನಾ ಮೊಬೈಲ್ ಕೈಗೆ ತೆಗೆದುಕೊಂಡಳು.

"ಅಯ್ಯಯ್ಯೋ! ಇದೇನೋ ಇದು! ರೊಟ್ಟಿ ಹಂಚಿಗಿ ಸೀರಿ ಉಡಿಸಿದಂಗ ಕಾಣಸ್ತದ! ಅಣ್ಣಾ, ಅಳಿಸು, ಲಗೂನ ಅಳಿಸು!"

ಅಷ್ಟರಲ್ಲಿ ಚಿತ್ರದ ಕೆಳಗಿನ ಎರಡು ಟಿಕ್ ನೀಲಿಯಾಗಿದ್ದವು; ಲಲಿತಾಬಾಯಿ ನೋಡಿಯಾಗಿತ್ತು.

"ಗೋಡಿ ಭಾಳ ಬೆಳ್ಳಗದ ನೋಡ್ರಿ. ಬಿಳಿ ಗೋಡಿ ಕಂಡ್ರ ಕ್ಯಾಮೆರಾ ಹಿಂಗೇ ಮಾಡ್ತದ," ಎಂದ ಸುನೀಲಕುಮಾರ. ಅದು ಅರ್ಧ ಸತ್ಯವಾಗಿತ್ತು.

"ಸುಣ್ಣ ಹೊಡಸಬ್ಯಾಡ್ರಿ ಅಂತ ನಾ ಆವತ್ತೇ ಹೇಳಿದ್ನಿಲ್ಲ?" ಎಂದಳು, ಎಂದೂ ಹಾಗೆ ಹೇಳದಿದ್ದ ಗುಂಡಮ್ಮ.

ಮಧ್ಯಾಹ್ನ ಮೂರಾದರೂ ಶರಣಸಿರಸಗಿಯಿಂದ ಉತ್ತರವಿಲ್ಲ. ಅಣವೀರಪ್ಪನವರು ಕಟ್ಟೆಯ ಮೇಲೆ ತಲೆಗೆ ಕೈಹೊತ್ತು ಕುಳಿತರು. ಸುನೀಲಕುಮಾರ ಊರಿನ ಕೆಂಪು ಬಾಳೆಹಣ್ಣನ್ನು ನೆಮ್ಮದಿಯಿಂದ ಸುಲಿಯುತ್ತ, ಈಗ ಮಾತೆತ್ತಿದರೆ ಇವರು ಇಲ್ಲವೆನ್ನಲಾರರು ಎಂದು ಲೆಕ್ಕ ಹಾಕಿದ. ಗಂಟಲು ಸರಿಮಾಡಿಕೊಂಡ.

"ಕಾಕಾ, ನಾ ಒಂದು ಮಾತು..."

ಬಾಗಿಲ ಮುಂದೆ ಕಾರು ನಿಂತಿತು. ಲಲಿತಾಬಾಯಿ ಇಳಿದರು. ಹಿಂದೆ ಮಗ ವಿವೇಕಾನಂದ. ಒಳಗೆ ಬಂದ ಲಲಿತಾಬಾಯಿ ಸೃಷ್ಟಿಯನ್ನು ಮೇಲಿನಿಂದ ಕೆಳಗೆ ನೋಡಿ, ಕೈಯಲ್ಲಿದ್ದ ಮೊಬೈಲ್ ನೋಡಿ, ನಕ್ಕುಬಿಟ್ಟರು.

"ಇಲ್ಲೀತನಾ ಆರು ಹುಡಿಗ್ಯಾರ ಫೋಟೋ ಬಂದಾವ್ರಿ ಯಪ್ಪಾ. ಎಲ್ಲಾರೂ ಟ್ಯೂಬ್‌ಲೈಟು. ಮನಿಗಿ ಹೋಗಿ ನೋಡಿದ್ರ ಬ್ಯಾರೇನೇ ಹುಡುಗಿ. ನಿಮ್ಮ ಫೋಟೋ ನೋಡಿದೆ, ಈ ಮಂದಿ ಏನೂ ಮುಚ್ಚಿಟ್ಟಿಲ್ಲ ಅನ್ನಿಸ್ತು. ಬಂದು ನೋಡಿದ್ರ ಫೋಟೋಕ್ಕಿಂತ ಹುಡುಗಿ ಎಷ್ಟೋ ಪಾಲು ಛಲೋ ಅದಾಳ! ಯಾರು ತಗದವರು?"

ಎಲ್ಲರೂ ಸುನೀಲಕುಮಾರನ ಕಡೆ ಕೈ ತೋರಿಸಿದರು. ನಾಗರತ್ನಾಳ ಕೈ ಎಲ್ಲರಿಗಿಂತ ಮೊದಲು ಎದ್ದಿತ್ತು.

"ಖರೇ ಮನಷಾ ಇದ್ದೀಯಪ್ಪಾ. ಲಗ್ನದ ಫೋಟೋನೂ ನೀನೇ ತಗೀಬೇಕು," ಎಂದು ಲಲಿತಾಬಾಯಿ ಅವನ ಬಾಯಿಗೆ ಪೇಡೆ ತುರುಕಿದರು. ಬಾಯಲ್ಲಿ ಪೇಡೆ ಇದ್ದುದರಿಂದ ಅವನಿಗೆ ಇಲ್ಲ ಎನ್ನಲಾಗಲಿಲ್ಲ.

ಚಹಾ ಕೊಡುವ ನೆಪದಲ್ಲಿ ಸೃಷ್ಟಿ ಅವನ ಹತ್ತಿರ ಬಂದು ದನಿ ತಗ್ಗಿಸಿದಳು.

"ನೀವು ಮೈನಸ್ ಎರಡಕ್ಕ ತಿರುವಿದ್ದು ನಾ ನೋಡಿದೆ."

ಅವನು ಕ್ಯಾಮೆರಾದ ಗಾಲಿಯನ್ನು ಅಂಗೈಯಿಂದ ಮುಚ್ಚಿದ.

"ವಿವೇಕ ನನ್ನ ಕಾಲೇಜಿನವ್ರು, ನಾವಿಬ್ರೂ ಮೊದಲೇ ಒಪ್ಪಿಕೊಂಡೀವಿ. 'ಬೆಳ್ಳಗಿನ ಫೋಟೋ ಕಂಡ್ರ ನಮ್ಮ ಅವ್ವಗ ಸಂಶಯ ಬರ್ತದ, ಜರ ಕಪ್ಪಗೇ ತಗಸು' ಅಂತ ಅವ್ರೇ ಅಂದಿದ್ರು. ಅತ್ತಿ ಎದುರಿಗಿ ನಿಮಗ ಹೆಂಗ ಹೇಳಲಿ ಅಂತ ಒದ್ದಾಡಾಕತ್ತಿದ್ದೆ. ಹೇಳದೇನೇ ತಿಳಕೊಂಡ್ರಿ. ನಿಮ್ಮ ಉಪಕಾರ ಮರಿಯೂದಿಲ್ಲ, ಅಣ್ಣಾ."

ಸಂಜೆಯ ಬಸ್ಸಿಗೆ ಅವನು ಹೊರಟಾಗ ಗುಂಡಮ್ಮ ತನ್ನ ಪರಾತದಿಂದಲೇ ಸಂಬಂಧ ಕೂಡಿತೆಂದು ಬೀದಿಗೆಲ್ಲ ಸಾರುತ್ತಿದ್ದಳು.

ಸುನೀಲಕುಮಾರನಿಗೆ ಹೋದದ್ದು ಒಬ್ಬ ಹುಡುಗಿ, ಒಂದು ಭಾನುವಾರ, ಎಂಟು ತಿಂಗಳು.