ಕೊನೆಯ ಪದ ಅತ್ತೆಯವರದು

ಅತ್ತೆ ಮಾತಾಡುವುದಿಲ್ಲ ಎಂದರೆ ಅಕ್ಕಪಕ್ಕದ ಸೊಸೆಯರು ನನ್ನನ್ನು ನೋಡಿ, "ಪುಣ್ಯವಂತೆ ಕಣೇ ನೀನು" ಎನ್ನುತ್ತಾರೆ. ಹಾಗೆ ಅಂದವರನ್ನೆಲ್ಲ ಸಾಲಾಗಿ ನಮ್ಮ ಮನೆಯಲ್ಲಿ ಒಂದು ದಿನ ಕೂರಿಸಬೇಕು ಅನ್ನಿಸುತ್ತದೆ.

ನಮ್ಮತ್ತೆ ಹೊಲಿಗೆ ತರಗತಿ ನಡೆಸುತ್ತಿದ್ದವರು. ಅವರ ಕತ್ತರಿಗೂ ನಾಲಿಗೆಗೂ ಸಾಣೆ ಹಿಡಿದವನು ಒಬ್ಬನೇ ಇರಬೇಕು. ಮದುವೆಯಾಗಿ ನಾನು ಹೊಸಿಲು ದಾಟಿದಾಗ, ನನ್ನ ರವಿಕೆಯ ತೋಳಿನ ಅಂಚನ್ನು ಬೆರಳಲ್ಲಿ ಮಡಚಿ ನೋಡಿ, "ಇದನ್ನ ಹೊಲಿದೋನು ಕಣ್ಮುಚ್ಕೊಂಡಿದ್ನಾ?" ಎಂದದ್ದೇ ನನಗೆ ಸಿಕ್ಕ ಸ್ವಾಗತ ಭಾಷಣ. ಅಂಥವರು ಒಂದು ಬೆಳಿಗ್ಗೆ ಬಟ್ಟೆಗೆ ಸೀಮೆಸುಣ್ಣದಿಂದ ಗುರುತು ಹಾಕುತ್ತಲೇ ಮೇಜಿನ ಮೇಲೆ ಒರಗಿದರು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಲಗೈ ಬಿತ್ತು, ಮಾತು ಹೋಯಿತು. ಕೈ ತುಸು ತುಸುವೇ ಮರಳಿತು. ಮಾತು ಮರಳಲಿಲ್ಲ. ಬಾಯಾರಿದಾಗ ಲೋಟದ ಕಡೆ ನೋಡುತ್ತಾರೆ, ಬಾಯಿ ತೆರೆಯುತ್ತಾರೆ, ಪದ ಸಿಗುವುದಿಲ್ಲ, ಕಣ್ಣು ತುಂಬುತ್ತದೆ. (ನೀರು ಎನ್ನಲಾಗದೆ ನೀರು ಸುರಿಸುವುದನ್ನು ದಿನಾ ನೋಡಿದವರು ಯಾರೂ ನನ್ನನ್ನು ಪುಣ್ಯವಂತೆ ಅನ್ನಲಾರರು.) ಗಂಜಿಗೆ ಉಪ್ಪು ಮರೆತರೂ ಕೇಳುವವರಿಲ್ಲ. ಬೈಗುಳವಿಲ್ಲದ ಮನೆ ಇಷ್ಟು ತಣ್ಣಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಇನ್ನು ನಮ್ಮವರು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವುದು ಉದ್ಯೋಗ, ಹಾಡು ಕೇಳುವುದು ತಪಸ್ಸು. ಎಲ್ಲರೂ ಕೇಳುವ ಹಾಡಾದರೆ ನಾನೂ ಸಹಿಸುತ್ತಿದ್ದೆ. ಇವರಿಗೆ ಬೇಕಾದವರು ಹಾಡಿನ ಕಂಪನಿಯ ಹಂಗಿಲ್ಲದ ಒಂಟಿ ಗಾಯಕರು. ತಾವೇ ಬರೆದು, ತಾವೇ ರಾಗ ಕಟ್ಟಿ, ಮಲಗುವ ಕೋಣೆಯಲ್ಲಿ ಕೂತು ಗಿಟಾರ್ ನುಡಿಸಿ ಧ್ವನಿಮುದ್ರಿಸಿ, ಆಲ್ಬಮ್ಮನ್ನು ತಾವೇ ಲಕೋಟೆಗೆ ಹಾಕಿ ಅಂಚೆಗೆ ಕೊಡುವ ಮಂದಿ.

"ಇದು ರಾಗ ಇರೋ ರಾಕ್ ಕಣೇ. ಪಾಪ್ ಥರ ಬಾಯಿಗೆ ಹತ್ತುತ್ತೆ, ರಾಕ್ ಥರ ಎದೆಗೆ ಒದೆಯುತ್ತೆ."

"ಒದೆಯೋಕೆ ನಾನು ಮನೇಲೇ ಇದೀನಲ್ಲರೀ, ಅಂಚೇಲಿ ಯಾಕೆ ತರಿಸ್ತೀರಿ?"

ಕೇಳುವುದಕ್ಕೂ ಕಟ್ಟುಪಾಡು. ಆಲ್ಬಮ್ಮನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಅದೇ ಕ್ರಮದಲ್ಲಿ ಕೇಳಬೇಕು. ನಡುವೆ ಮಾತಾಡುವುದು ಅಪರಾಧ, ನಿಲ್ಲಿಸುವುದು ಮಹಾಪರಾಧ. "ಆಲ್ಬಮ್ ಅಂದ್ರೆ ಮನೆ ಇದ್ದಂಗೆ. ಬಾಗಿಲಿಂದ ಒಳಗೆ ಬರ್ಬೇಕು. ಕಿಟಕಿ ಹಾರಿ ಅಡುಗೆಮನೆಗೆ ನುಗ್ಗಬಾರ್ದು."

ಈ ಭಜನೆಯಲ್ಲಿ ಇವರ ಜೊತೆಗಾರ್ತಿ ಯಾರು ಅಂದುಕೊಂಡಿರಿ? ಅತ್ತೆಯೇ. ಸೈಕಲ್ ರಿಪೇರಿ ಮಾಡುತ್ತ ಹಾಡು ಕಟ್ಟುವ ಒಬ್ಬಾತನ ಆಲ್ಬಮ್ ಅವರಿಗೆ ಪ್ರಾಣ. ನಮ್ಮ ಮನೆಯಲ್ಲಿ ಅವನ ಹೆಸರೇ ಸೈಕಲ್ಲು. ಹೊಲಿಗೆ ಯಂತ್ರ ತುಳಿಯುತ್ತ, "ದಾರ ಎಲ್ಲಿ ಕತ್ತರಿಸ್ಬೇಕು ಅಂತ ಗೊತ್ತಿರೋನು ಇವ್ನು" ಎನ್ನುತ್ತಿದ್ದರು. ತಾಯಿ ಮಗ ತಲೆದೂಗುವಾಗ ನಾನು ಪಾತ್ರೆ ತೊಳೆಯುತ್ತಿದ್ದೆ, ಬೇಕೆಂದೇ ಸದ್ದು ಮಾಡಿಕೊಂಡು.

ಹೀಗಿರುವಾಗ ನಮ್ಮವರ ಅಕ್ಕ ಬಂದರು. ಕೆಟ್ಟವರಲ್ಲ ಅವರು, ಹೆದರಿದವರು. "ನೀನು ಮಗು ನೋಡ್ತೀಯೋ ಅಮ್ಮನ್ನ ನೋಡ್ತೀಯೋ? ಮಾತಿಲ್ಲದೋರಿಗೆ ನೋವಾದ್ರೆ ಯಾರಿಗೆ ತಿಳಿಯುತ್ತೆ? ಆರೈಕೆ ಕೇಂದ್ರದಲ್ಲಿ ನರ್ಸ್‌ಗಳಿರ್ತಾರೆ. ಮಂಚ ಗೊತ್ತು ಮಾಡಿ ಬಂದಿದೀನಿ. ಮುಂದಿನ ಭಾನುವಾರ ಕರ್ಕೊಂಡು ಹೋಗ್ತೀನಿ."

"ಅಷ್ಟರೊಳಗೆ ಮಾತು ಬಂದ್ರೆ, ಅತ್ತಿಗೆ?"

"ಒಂದೇ ಒಂದು ಮಾತು ಬರ್ಲಿ, ನಾನು ಸೊಲ್ಲೆತ್ತಲ್ಲ."

ಅತ್ತೆಯ ಎಡಗೈ ಮಂಚದ ಅಂಚನ್ನು ಹಿಡಿದುಕೊಂಡಿತು. ಅತ್ತಿಗೆ ಹೋದ ಮೇಲೂ ಆ ಹಿಡಿತವನ್ನು ಬಿಡಿಸುವ ಧೈರ್ಯ ನನಗಾಗಲಿಲ್ಲ.

ಮಾತು ಕಲಿಸಲು ಬರುವ ಟೀಚರಮ್ಮನನ್ನು ಕಾಡಿಬೇಡಿದೆ. ಅವರೆಂದರು: "ಹಾಡು ಮೆದುಳಿನ ಬೇರೆ ಕೋಣೇಲಿ ಇರುತ್ತಮ್ಮ. ಅವರಿಗೆ ಗೊತ್ತಿರೋ ಹಾಡು ಹಾಡಿ. ಸಾಲಿನ ಕೊನೇ ಪದ ಮಾತ್ರ ಬಿಟ್ಟು ಸುಮ್ನಿರಿ. ಅವರೇ ತುಂಬಿಸ್ಲಿ."

ನನ್ನ ಕಂಠದ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಶಾಲೆಯಲ್ಲಿ ಗುಂಪಿನಲ್ಲಿ ಹಾಡಲು ನಿಲ್ಲಿಸಿ, "ನೀನು ತುಟಿ ಆಡಿಸಿದ್ರೆ ಸಾಕಮ್ಮ" ಎಂದಿದ್ದರು. ಆದರೂ ಟೊಂಕ ಕಟ್ಟಿ ನಿಂತೆ. ನಮ್ಮವರು ಕೆಲಸಕ್ಕೆ ಹೋದ ಮೇಲೆ ಸೈಕಲ್ಲನ್ನು ಹಚ್ಚುವುದು, ಜೊತೆಗೆ ಹಾಡುವುದು, ಕೊನೆಯ ಪದ ಬರುವ ಮುಂಚೆ ಗುಂಡಿ ಒತ್ತಿ ನಿಲ್ಲಿಸಿ ಅತ್ತೆಯ ಬಾಯನ್ನು ನೋಡುವುದು. ಬಾಯಿ ತೆರೆಯುತ್ತಿತ್ತು, ನಡುಗುತ್ತಿತ್ತು, ಮುಚ್ಚುತ್ತಿತ್ತು. ನಮ್ಮ ಪುಟ್ಟ ಮಗಳು ಗುಬ್ಬಿಗೂ ಆಗ ಮಾತು ಕಲಿಯುವ ವಯಸ್ಸು. ಒಬ್ಬರಿಗೆ ಸಿಗುತ್ತಿದ್ದ ಪದಗಳೆಲ್ಲ ಇನ್ನೊಬ್ಬರಿಂದ ಕಸಿದವೇನೋ ಎಂಬ ಹಾಳು ಯೋಚನೆ ಬರುತ್ತಿತ್ತು.

ಒಂದು ದಿನ ನಮ್ಮವರು ಊಟಕ್ಕೆ ಬಂದಾಗ ಸಿಕ್ಕಿಬಿದ್ದೆ.

"ಏನೇ ಇದು! ಸಾಲು ಸಾಲಿಗೂ ನಿಲ್ಲಿಸ್ತಿದೀಯಾ? ಅವನು ಉಸಿರು ಬಿಗಿಹಿಡಿದು ಹಾಡಿದಾನೆ, ನೀನು ಕತ್ತು ಹಿಸುಕ್ತಿದೀಯಲ್ಲೇ!"

"ನಿಮ್ಮ ಸೈಕಲ್ಲಿಗೆ ಉಸಿರು ಕಟ್ಟಿದ್ರೆ ಪಂಪ್ ಹೊಡ್ಕೋತಾನೆ ಬಿಡಿ. ನಿಮ್ಮಮ್ಮನ್ನ ನೋಡಿ ಮೊದಲು."

ನೋಡಿದರು. ತಟ್ಟೆಯ ಮುಂದೆ ಕೂತು ಏನೂ ತಿನ್ನದೆ ಎದ್ದು ಹೋದರು.

ನಿಲ್ಲಿಸಿ ನಿಲ್ಲಿಸಿ ಕೇಳಿದ್ದರಿಂದ ನನಗೊಂದು ಅನಾಹುತವಾಯಿತು. ಹಾಡು ಹಿಡಿಸತೊಡಗಿತು! ಮೂರನೆಯ ಹಾಡಿನಲ್ಲಿ ಮೊದಲು ಬರೀ ಗಿಟಾರ್, ಅವನು ಕೂತ ಕುರ್ಚಿಯ ಕಿರುಗುಟ್ಟು ಕೂಡ ಕೇಳುತ್ತದೆ. ಡ್ರಮ್ ತಡವಾಗಿ ಬರುತ್ತದೆ, ಕೆಲಸ ಮುಗಿಸಿ ಬಂದವರ ಹಾಗೆ. "ಅಂಗಡಿ ಮುಚ್ಚಿ ಬರುತೇನೆ, ಆರಿಸಬೇಡ ದೀಪ" ಎನ್ನುವಲ್ಲಿ ರಾಗ ಇಳಿದು ಕೂರುತ್ತದೆ ಅಂದುಕೊಂಡರೆ, ಒಂದು ಮೆಟ್ಟಿಲು ಮೇಲೆ ಹತ್ತಿ ಅಲ್ಲೇ ನಿಂತುಬಿಡುತ್ತದೆ. ಹಿಂದೆ ಅವನದೇ ದನಿ ಇನ್ನೆರಡು ಬಾರಿ, ಅವನಿಗೆ ಅವನೇ ನೆಂಟ ಎಂಬಂತೆ. ಗಂಜಿಯ ಬಟ್ಟಲು ಹಿಡಿದುಕೊಂಡು ಅತ್ತುಬಿಟ್ಟೆ. ಕಿಟಕಿ ಹಾರಬಾರದು ಎಂದು ಇವರು ಹೇಳುತ್ತಿದ್ದುದು ಆಗ ಅರ್ಥವಾಯಿತು. (ಇವರಿಗೆ ಹೇಳಲಿಲ್ಲ. ಸಲಿಗೆ ಕೊಟ್ಟರೆ ತಲೆಯ ಮೇಲೆ ಕೂರುತ್ತಾರೆ.)

ಭಾನುವಾರ ಬಂತು. ಅತ್ತಿಗೆ ದೊಡ್ಡ ಚೀಲ ತಂದಿದ್ದರು.

"ಒಂದೇ ಹಾಡು, ಅತ್ತಿಗೆ. ಕೇಳಿ, ಆಮೇಲೆ ಕರ್ಕೊಂಡು ಹೋಗಿ."

ಮೂರನೆಯ ಹಾಡು ಹಚ್ಚಿದೆ. ನಮ್ಮವರು ತುಟಿ ಕಚ್ಚಿಕೊಂಡರೇ ಹೊರತು ಬಾಗಿಲು, ಕಿಟಕಿ ಎನ್ನಲಿಲ್ಲ. ನಾನು ಹಾಡಿದೆ. "ಆರಿಸಬೇಡ..." ಗುಂಡಿ ಒತ್ತಿದೆ. ಅತ್ತೆ ನನ್ನನ್ನೇ ನೋಡಿದರು. ಮತ್ತೆ ಹಾಡಿದೆ. ಮತ್ತೆ ಒತ್ತಿದೆ. ಅತ್ತೆಯ ಬಾಯಿ ತೆರೆದು ಮತ್ತೆ ಮುಚ್ಚಿಕೊಂಡಿತು, ಪದ ಬರಲಿಲ್ಲ.

"ಸಾಕು ಬಿಡಮ್ಮ. ಅಮ್ಮನಿಗೂ ಹಿಂಸೆ, ನಿನಗೂ ಹಿಂಸೆ" ಎಂದು ಅತ್ತಿಗೆ ಕಪಾಟು ತೆರೆದು ಅಮ್ಮನ ಬಟ್ಟೆಗಳನ್ನು ಮಡಚತೊಡಗಿದರು. ಮಡಚುತ್ತಲೇ ಮೂಗು ಒರೆಸಿಕೊಂಡರು. ನಮ್ಮವರು ಗೋಡೆಗೆ ಮುಖ ಮಾಡಿ ನಿಂತರು. ಅತ್ತೆಯ ಎಡಗೈ ಮತ್ತೆ ಮಂಚದ ಅಂಚಿಗೆ ಹೋಯಿತು.

ನನಗೆ ಏನಾಯಿತೋ! ಸದ್ದನ್ನು ಪೂರ್ತಿ ಏರಿಸಿ, ಸೈಕಲ್ಲು ಮೆಟ್ಟಿಲು ಹತ್ತುವ ಜಾಗದಲ್ಲಿ ನಾನು ಮಾಳಿಗೆಗೇ ಹಾರಿದೆ. ದನಿ ಅಲ್ಲಿಂದ ಜಾರಿ, ಒಡೆದು, ಎಲ್ಲೆಲ್ಲೋ ಬಿತ್ತು. ಗುಬ್ಬಿ ಕಿಟಾರನೆ ಕಿರುಚಿಕೊಂಡಿತು. ನಿಲ್ಲಿಸಲು ಗುಂಡಿ ಒತ್ತಿದೆ.

"ನೀ... ನೀ ಬಾಯ್ಮುಚ್ಚು!"

ಅತ್ತೆಯ ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು, ಹಣೆಯ ನರ ಉಬ್ಬಿತ್ತು.

"ಅವ್ನು... ಹಾಡ್ಲಿ!"

ಅತ್ತಿಗೆ ಮಡಚಿದ ಬಟ್ಟೆಗಳ ಮೇಲೆಯೇ ಕುಸಿದು ಕೂತು ಅಳುತ್ತ ನಕ್ಕರು. "ಅಮ್ಮ! ಇನ್ನೊಂದ್ಸಲ ಬೈಯಮ್ಮ! ಏ, ನೀನು ಹಾಡೇ! ನಿಂತ್ಕೊಂಡು ಏನ್ ನೋಡ್ತೀಯಾ?" ನಮ್ಮವರು ಅಮ್ಮನ ಮಡಿಲಲ್ಲಿ ಮುಖ ಇಟ್ಟಿದ್ದರು. ಎಲ್ಲರ ಒತ್ತಾಯಕ್ಕೆ ನಾನು ಹಾಡುತ್ತ ಹೋದೆ, ಅತ್ತೆ ಬೈಯುತ್ತ ಹೋದರು, ಚೀಲ ಖಾಲಿಯಾಗಿಯೇ ಮರಳಿತು. ಅಂದಿನ ದಿನಚರಿಯಲ್ಲಿ ಒಂದೇ ಸಾಲು ಬರೆದೆ: ಅತ್ತೆ ನನ್ನನ್ನು ಬೈದರು.

ಇಲ್ಲಿಗೆ ಮುಗಿದಿದ್ದರೆ ನಾನೂ ಪುಣ್ಯವಂತೆ ಎನ್ನಬಹುದಿತ್ತು. ಟೀಚರಮ್ಮ ಬಂದು, "ಸಿಟ್ಟಲ್ಲಿ ಮಾತು ಬರ್ತಿದೆ, ತುಂಬಾ ಒಳ್ಳೇದು. ದಿನಾ ಹಾಗೇ ಹಾಡಿ" ಎಂದರು. ಅಂದಿನಿಂದ ನನ್ನ ಅಪಸ್ವರ ಈ ಮನೆಯಲ್ಲಿ ಔಷಧ, ಊಟಕ್ಕೆ ಮುಂಚೆ ಒಮ್ಮೆ, ಊಟವಾದ ಮೇಲೆ ಒಮ್ಮೆ. ನೀರು ಎಂಬ ಪದ ಇನ್ನೂ ಬಂದಿಲ್ಲ. ಆದರೆ ಬಾಯಾರಿದಾಗ ನನ್ನನ್ನು ನೋಡಿ "ಬಾಯ್ಮುಚ್ಚು" ಎನ್ನುತ್ತಾರೆ, ನಾನು ಲೋಟ ತರುತ್ತೇನೆ. ಗುಬ್ಬಿಗೂ ಅದೇ ಪದ ಬಾಯಿಪಾಠವಾಗಿದೆ.

ಮೊನ್ನೆ ಔಷಧದ ಹೊತ್ತಿಗೆ ಒಂದು ಎಡವಟ್ಟಾಯಿತು. ಬಚ್ಚಲಲ್ಲಿ ಗುಟ್ಟಾಗಿ ಅಭ್ಯಾಸ ಮಾಡಿದ್ದಕ್ಕೋ ಏನೋ, ಆ ಮೆಟ್ಟಿಲನ್ನು ಸರಿಯಾಗಿ ಹತ್ತಿಬಿಟ್ಟೆ. ಸೈಕಲ್ಲಿನ ದನಿಗೆ ದನಿ ಕೂಡಿತು. ಅತ್ತೆ ಮಾತಾಡಲಿಲ್ಲ. ಕಣ್ಣು ಮುಚ್ಚಿ, ಎಡಗೈಯಲ್ಲಿ ಮಂಚದ ಅಂಚಿಗೆ ಮೆಲ್ಲಗೆ ತಾಳ ಹಾಕಿದರು. ನನ್ನ ಜನ್ಮದಲ್ಲಿ ಮೊದಲ ಸಲ ನನ್ನ ಹಾಡನ್ನು ಒಬ್ಬರು ಕೇಳುತ್ತಿದ್ದರು.

ಹಿಂದಿನಿಂದ ನಮ್ಮವರು ಓಡಿ ಬಂದರು. "ಏನೇ, ಅಮ್ಮನ್ನ ಮತ್ತೆ ಮೂಕಿ ಮಾಡ್ಬೇಕು ಅಂತಿದೀಯಾ? ನೆಟ್ಟಗೆ ಕೆಟ್ಟದಾಗಿ ಹಾಡು!"

ಗಂಟಲು ಸರಿಮಾಡಿಕೊಂಡು (ಅಂದರೆ ಕೆಡಿಸಿಕೊಂಡು) ಮೊದಲಿಂದ ಶುರುಮಾಡಿದೆ.