ಪಂಪು ಸತ್ತ ದಿನ ಹೊರಡುತ್ತೇನೆ

ಕಾರ್ಪೆಟ್ ತೊಳೆಯುವ ಮಷೀನಿನ ಪಂಪು ಸುಮ್ಮಸುಮ್ಮನೆ ಸಾಯುವುದಿಲ್ಲ. ಅದಕ್ಕೆ ಜನ ಸೇರಬೇಕು, ಅವರಲ್ಲಿ ಒಬ್ಬರಾದರೂ ದೊಡ್ಡ ಮನುಷ್ಯರಿರಬೇಕು, ಕೆಲಸ ಅರ್ಧಕ್ಕೆ ಬಂದಿರಬೇಕು. ಆಗ ಒಮ್ಮೆ ಗೊರಕೆ ಹೊಡೆದು ಕಣ್ಣು ಮುಚ್ಚುತ್ತದೆ. ನಾನು ಮೊದಲು ಕೆಲಸಕ್ಕಿದ್ದ ಮಸ್ಕತ್ತಿನ ಹೋಟೆಲಿನಲ್ಲೂ ಹೀಗೇ, ಆಮೇಲಿನ ಹಡಗಿನಲ್ಲೂ ಹೀಗೇ. ಕೊಪ್ಪಳಕ್ಕೆ ಬಂದ ಮೇಲಂತೂ ಇದೇ ನನ್ನ ಬಾಳು.

ನಾನು ಒಂದೂರಲ್ಲಿ ನಿಲ್ಲುವವಳಲ್ಲ. ಭಾವ ತೀರಿಕೊಂಡಾಗ ಅಕ್ಕನನ್ನು ನೋಡಲು ಬಂದವಳು, ಹಳೆಯದೊಂದು ಮಷೀನು ತರಿಸಿ, ಅಕ್ಕನನ್ನೂ ಜೊತೆಗೆ ಕಟ್ಟಿಕೊಂಡು, ಊರೂರಿನ ಕಾರ್ಪೆಟ್ಟು ತೊಳೆಯುತ್ತ ಉಳಿದುಬಿಟ್ಟೆ. ಆದರೆ ಮೊದಲೇ ಹೇಳಿದ್ದೆ: "ಈ ಪಂಪು ಪೂರ್ತಿ ಸತ್ತ ದಿನ ನಾ ಹೊಂಟೆ." ಬ್ಯಾಗು ಮಂಚದ ಕೆಳಗೇ ಇದೆ. ಅಕ್ಕ ದಿನಾ ಆ ಬ್ಯಾಗಿನ ಧೂಳು ಒರೆಸುತ್ತಾಳೆ, ಆಮೇಲೆ ಬಂದು ಪಂಪಿಗೆ ಕೈ ಮುಗಿಯುತ್ತಾಳೆ.

ಕೊಪ್ಪಳ: ಕಾಮಾಲೆ

ಆಯುಧಪೂಜೆಯ ಮರುದಿನ ಒಬ್ಬ ಡಾಕ್ಟರ ದವಾಖಾನೆಯಲ್ಲಿ ಕೆಲಸ. ಗುಂಡಿ ಒತ್ತಿದರೆ ಪಂಪು ಗುಂಯ್ ಎನ್ನುತ್ತದೆ, ನೀರು ಬರುವುದಿಲ್ಲ. ನೀರು ಸೋಸುವ ಜಾಳಿಗೆ ಬಿಚ್ಚಿದೆ. ನೆನೆದು ಉಬ್ಬಿದ ಅಕ್ಕಿ, ಮೇಲೊಂದು ಚೆಂಡು ಹೂವಿನ ಎಸಳು.

"ಅಕ್ಕಾ, ಟ್ಯಾಂಕಿನೊಳಗ ಅಕ್ಷತಿ ಹಾಕಿದಿಯಾ?"

"ಮತ್ತ? ಪಂಪು ಒಳಗ ಇರ್ತೈತಿ. ಹೊರಗ ಹಾಕಿದ್ರ ಅದಕ್ಕ ಹೆಂಗ ಮುಟ್ಟಬೇಕು?"

ಅಕ್ಕಿ ತೆಗೆದೆ. ಅರಿಶಿನದ ನೆನಪಾಗುವಷ್ಟರಲ್ಲಿ ಪಂಪು ಎದ್ದು, ಬೂದು ಕಾರ್ಪೆಟ್ಟಿನ ಉದ್ದಕ್ಕೂ ಹಳದಿ ಪಟ್ಟಿ ಎಳೆದುಬಿಟ್ಟಿತು. ಡಾಕ್ಟರು ಕನ್ನಡಕ ಏರಿಸಿ ನೋಡಿದರು.

"ಕಾಮಾಲಿ ಆಗೈತ್ರಿ ನಿಮ್ಮ ಮಷೀನಿಗೆ. ಎಣ್ಣಿ ಪದಾರ್ಥ ಬಂದ್ ಮಾಡ್ರಿ."

ಕುಷ್ಟಗಿ: ಹಾಫ್ ಪ್ಲೇಟು

ಕುಷ್ಟಗಿಯ ಬೋರಿನ ನೀರು ಪಾತ್ರೆಯಲ್ಲೇ ಸುಣ್ಣ ಬಳಿಯುತ್ತದೆ, ಪಂಪನ್ನು ಬಿಟ್ಟೀತೇ? ಒಂದು ಲಾಡ್ಜಿನ ಹಾಲ್ ತೊಳೆಯುವಾಗ ನೀರು ಸಣ್ಣಗಾಗುತ್ತ ಬಂದು, ಮುದುಕನ ಉಗುಳಿನಂತೆ ತೊಟ್ಟಿಕ್ಕತೊಡಗಿತು. ಅಕ್ಕನ ಮುಖ ಬಾಡಿತು. ಒಳಗೆ ಕಟ್ಟಿದ ಸುಣ್ಣ ಕರಗಲು ವಿನೆಗರ್ ಹರಿಸಬೇಕು. ಅಂಗಡಿಗಳಲ್ಲಿ ಸಿಗಲಿಲ್ಲ. ಕೊನೆಗೆ ಎದುರಿನ ಗೋಬಿ ಮಂಚೂರಿ ಗಾಡಿಯವನು ತನ್ನ ಕ್ಯಾನನ್ನೇ ಎತ್ತಿಕೊಟ್ಟ.

ಪಂಪು ಬದುಕಿತು. ಆದರೆ ಆ ಕ್ಯಾನು ಹುಟ್ಟಿದಾಗಿನಿಂದ ಸಾಸು, ಬೆಳ್ಳುಳ್ಳಿಗಳ ಸಂಗಡ ಬೆಳೆದದ್ದು. ಹಾಲ್ ತುಂಬ ಘಮಲು. ಊರ ನೀರು, ಊರ ಧೂಳು, ಊರ ಬಿಸಿಲು ಎಲ್ಲವೂ ಸೇರಿ ನನ್ನನ್ನು ಓಡಿಸಲು ನೋಡುತ್ತಿವೆ ಎಂದು ನಾನು ಮೂಲೆಯಲ್ಲಿ ಕೊರಗುತ್ತಿದ್ದೆ. ಮೇಲಿನ ರೂಮಿನಿಂದ ಇಳಿದು ಬಂದ ಗಿರಾಕಿಯೊಬ್ಬರು ಮಷೀನನ್ನು ಸುತ್ತು ಹಾಕಿ, ಮೂಸಿ, ನನ್ನನ್ನು ಕೇಳಿದರು:

"ಹಾಫ್ ಪ್ಲೇಟ್ ಕೊಡ್ತೀರೇನ್ರಿ?"

ಯಲಬುರ್ಗಾ ಕಡೆ: ಮಾತಾಡಿಸಲು ಬಂದವರು

ಯಲಬುರ್ಗಾ ಸೀಮೆಯಲ್ಲೂ ಒಂದು ಮಂಗಳೂರಿದೆ, ಸಣ್ಣ ಹಳ್ಳಿ. ಅಲ್ಲಿ ಒಬ್ಬ ಗೌಡರ ಅಂಗಳದಲ್ಲಿ ಕೆಲಸ. ನಡುಮಧ್ಯಾಹ್ನ ಪಂಪು ಕಾದು ಬೆಂಕಿಯಾಗಿ ಟಕ್ ಎಂದು ನಿಂತಿತು. ಮುಟ್ಟಬಾರದು, ತಣ್ಣಗಾದರೆ ತಾನೇ ಏಳುತ್ತದೆ. ಗುಂಡಿ ಆರಿಸದೆ ಹಾಗೇ ಬಿಟ್ಟು ನಾನೂ ಅಕ್ಕನೂ ಅದರ ಪಕ್ಕ ತಲೆಗೆ ಕೈಹೊತ್ತು ಕೂತೆವು. ಇಬ್ಬರು ಹೆಣ್ಣುಮಕ್ಕಳು ಹಾಗೆ ಕೂತಿರುವುದನ್ನು ಕಂಡ ಊರವರು ಸುಮ್ಮನಿರುತ್ತಾರೆಯೇ? ಒಬ್ಬೊಬ್ಬರೇ ಬಂದು, ಟವೆಲ್ಲು ಹಾಸಿ ಕೂತರು.

"ಯಾವಾಗ ಆತು?"

"ಈಗ, ಊಟದ ಹೊತ್ತಿಗೆ," ಎಂದಳು ಅಕ್ಕ.

"ಮುಂಜಾನಿ ನಾನ ನೋಡೇನಲ್ಲ, ಛಲೋ ಇತ್ತು!"

"ಹೋಗೋವು ಹಂಗ ಹೋಗ್ತಾವ. ಧೈರ್ಯ ತಗೋರಿ."

ಭಾವ ಹೋದಾಗ ಕೇಳಿದ ಮಾತುಗಳೇ. ಅಕ್ಕ ಸೆರಗು ಕಣ್ಣಿಗೊತ್ತಿಕೊಂಡಳು. ಗೌಡರ ಮನೆಯಿಂದ ಎಲ್ಲರಿಗೂ ಚಹಾ ಬಂತು. ಕಪ್ಪು ಖಾಲಿಯಾಗುವುದಕ್ಕೂ ಪಂಪು ಗುರ್ ಎಂದು ಏಳುವುದಕ್ಕೂ ಸರಿಹೋಯಿತು. ಹಿರಿಯರೊಬ್ಬರು ಹಾರಿಬಿದ್ದು, ಸಿಟ್ಟಿನಿಂದ ಟವೆಲ್ಲು ಕೊಡವಿದರು.

"ಏಳೋದು ಇತ್ತಂದ್ರ ಮೊದಲ ಹೇಳಬಾರದೇನವಾ? ಸುಮ್ಮನ ದುಃಖ ಮಾಡ್ಸಿದ್ರಿ!"

ಗಂಗಾವತಿ: ಅದೇನು ಬೇರೆ ನೀರೇ?

ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರಿಗಳ ಮನೆ. ಬೆಳಿಗ್ಗೆ ನಾನೇ ಟ್ಯಾಂಕು ತುಂಬಿ, ಅರ್ಧ ಹಾಲ್ ಮುಗಿಸಿ, ಅಕ್ಕನ ಜೊತೆ ಊಟಕ್ಕೆ ಖಾನಾವಳಿಗೆ ಹೋಗಿದ್ದೆ. ವಾಪಸು ಬಂದರೆ ಮನೆ ಬಿಕೋ ಎನ್ನುತ್ತಿದೆ. ಅವರ ಅಣ್ಣತಮ್ಮಕಿಯ, ದಾಯಾದಿ ಮನೆಯ ಹಿರಿಯರೊಬ್ಬರು ಪಕ್ಕದೂರಿನಲ್ಲಿ ತೀರಿಹೋಗಿದ್ದರು, ಎಲ್ಲರೂ ಮಣ್ಣಿಗೆ ಹೋಗಿದ್ದರು. ಮನೆಯ ಅಜ್ಜಿಯೊಬ್ಬಳೇ ತಲೆಗೆ ನೀರು ಹಾಕಿಕೊಂಡು ಹೊಸ್ತಿಲ ಬಳಿ ಗೋಡೆಗೊರಗಿ ಕೂತಿದ್ದಳು. ಸತ್ತವನು ಅವಳಿಗೆ ಮೈದುನನಾಗಬೇಕು.

ಸದ್ದಾಗದಂತೆ ಕೆಲಸ ಮುಗಿಸೋಣವೆಂದು ಗುಂಡಿ ಒತ್ತಿದೆ. ಪಂಪು ಓಡುತ್ತದೆ, ಹನಿ ನೀರಿಲ್ಲ. ಫ್ಯೂಜು ನೋಡಿದೆ. ಜಾಳಿಗೆ ನೋಡಿದೆ. ಪೈಪು ಬಿಚ್ಚಿ ಊದಿದೆ. ಕೊನೆಗೆ ಪಂಪನ್ನೇ ಬಿಚ್ಚಿ ಬಿಡಿಭಾಗಗಳನ್ನೆಲ್ಲ ನೆಲದ ಮೇಲೆ ಹರವಿದೆ. ಅಜ್ಜಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ದುಃಖಕ್ಕೆ ಮಾತು ನಿಂತಿದೆ ಎಂದುಕೊಂಡೆ. ಮತ್ತೆ ಕೂಡಿಸಿದೆ. ಅದೇ ಒಣ ಸದ್ದು.

"ಮುಗೀತಕ್ಕ," ಎಂದೆ. "ಈ ಸಲ ಖರೇ ಸತ್ತೈತಿ. ನಾಳಿಗೆ ಟಿಕೀಟು ನೋಡ್ತೀನಿ."

"ಹೋಗು," ಎಂದಳು ಅಕ್ಕ. ಆಮೇಲೆ ಹೊಸ್ತಿಲಿಗೆ ಹೋಗಿ ಅಜ್ಜಿಯ ಪಕ್ಕ ಕೂತು ಅಳತೊಡಗಿದಳು.

ಅಜ್ಜಿ ಅವಳ ಬೆನ್ನು ಸವರಿದಳು. "ಅಳಬ್ಯಾಡ ನನ್ನವ್ವ. ಎಲ್ಲಾ ಉಂಡು ಉಟ್ಟು ಹೋಗ್ಯಾನ. ನಮ್ಮ ಮಂದೀನ ಇಷ್ಟು ಅತ್ತಿಲ್ಲ."

"ಅವ್ರಿಗಲ್ಲ ಅಜ್ಜಿ, ಈ ಪಂಪಿಗೆ. ನೀರ ಬಿಡವಲ್ದು. ಇದು ಹೋದ್ರ ನನ್ನ ತಂಗೀನೂ ಹೋಗ್ತಾಳ."

"ನೀರು ಎಲ್ಲಿಂದ ಬಿಡಬೇಕು?" ಅಜ್ಜಿಗೆ ಆಶ್ಚರ್ಯ. "ಸೂತಕ ಬಂದ ಮ್ಯಾಲ ತುಂಬಿದ ನೀರು ಮನ್ಯಾಗ ಇಟ್ಕೋತಾರೇನು? ಕೊಡದ್ದು ಚೆಲ್ಲಿದೆ, ಹಂಡೇದ್ದು ಚೆಲ್ಲಿದೆ. ನಿಮ್ಮ ಡಬ್ಬಿದೂ ತಂಬಿಗಿಲೆ ಮೊಗದು ಚೆಲ್ಲಿದೆ. ಅದೇನು ಬ್ಯಾರೆ ನೀರೇನು?"

ಹೋಗಿ ಟ್ಯಾಂಕಿನ ಮುಚ್ಚಳ ತೆಗೆದೆ. ತಳ ಒಣಗಿತ್ತು.

"ಮತ್ತ ಇಷ್ಟೊತ್ತನಕ ನೋಡ್ಕೋತ ಕುಂತಿಯಲ್ಲ ಅಜ್ಜಿ, ಒಂದು ಮಾತು ಹೇಳಬಾರದಾ?"

"ನೀವೂ ಸೂತಕ ಕಳ್ಯಾಕ ಎಲ್ಲಾ ಬಿಚ್ಚಿ ತೊಳ್ಯಾಕತ್ತೀರಿ ಅನ್ಕೊಂಡೆ."

ಸಾವಿನ ಮನೆಯ ಹೊಸ್ತಿಲಲ್ಲಿ ನಗಬಾರದೆಂದು ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮೊದಲು ನಕ್ಕವಳು ಅಜ್ಜಿಯೇ.

ನೀರು ತುಂಬಿದೆ, ಪಂಪು ಎದ್ದಿತು. ನೆಲದ ಮೇಲೆ ಮಾತ್ರ ಒಂದು ವಾಷರು ಉಳಿದಿತ್ತು. ಅಕ್ಕ ಅದನ್ನು ಎತ್ತಿ ಸೆರಗಿನ ತುದಿಗೆ ಗಂಟು ಹಾಕಿದಳು.

"ಇದು ಎಲ್ಲಿ ಕೂಡಬೇಕು ಅಂತ ನಿನಗ ಗೊತ್ತಾಗೋತನಕ ಎಲ್ಲೂ ಹೋಗೂ ಹಂಗಿಲ್ಲ."

ಅದು ಎಲ್ಲಿಯದೆಂದು ಅಂದು ಕೊಪ್ಪಳಕ್ಕೆ ಮರಳುವ ಬಸ್ಸಿನಲ್ಲೇ ನನಗೆ ಹೊಳೆದಿತ್ತು. ಇನ್ನೂ ಹೇಳಿಲ್ಲ.